ಬೂಷ್ಟಿನ ರೋಗಕ್ಕೆ ಲಸಿಕೆ ಏಕಿಲ್ಲ?



ನೀವು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಅಥವಾ ಹೆಗ್ಗಡದೇವನಕೋಟೆಯ ಕಡೆಯವರಾದರೆ ಬೂಷ್ಟನ್ನು ನಿಮಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಳೆ ಹಿಡಿದ ವಾರದಲ್ಲಿ ಅದು ಮನೆಯ ಗೋಡೆಯ ಮೇಲೆ, ಚರ್ಮದ ಚಪ್ಪಲಿಯ ಮೇಲೆ, ಮರೆತಿಟ್ಟ ರೊಟ್ಟಿಯ ಮೇಲೆ ಕಾಣಿಸಿಕೊಳ್ಳುತ್ತದೆ. ಬ್ಯಾರನ್ನಿನಲ್ಲಿ ಹದ ಮಾಡಿ ಕಟ್ಟಿಟ್ಟ ಹೊಗೆಸೊಪ್ಪಿಗೆ ತೇವ ತಾಗಿದರೆ ಅಲ್ಲಿಗೂ ಬರುತ್ತದೆ. ಅದನ್ನು ಒರೆಸಿ ಬಿಸಿಲಿಗೆ ಹಾಕುತ್ತೇವೆ, ಅಷ್ಟಕ್ಕೆ ಮರೆಯುತ್ತೇವೆ. ಈ ಬೂಷ್ಟು, ಕಾಡಿನ ಅಣಬೆ, ಬೇಕರಿಯಲ್ಲಿ ಹಿಟ್ಟನ್ನು ಉಬ್ಬಿಸುವ ಯೀಸ್ಟು ಇವೆಲ್ಲ ಒಂದೇ ಕುಲದವು. ನಿಮ್ಮ ಪಠ್ಯಪುಸ್ತಕ ಇವುಗಳನ್ನು ಶಿಲೀಂಧ್ರ ಎಂದು ಕರೆಯುತ್ತದೆ.

ಶಿಲೀಂಧ್ರಗಳಲ್ಲಿ ಲಕ್ಷಾಂತರ ಜಾತಿಗಳಿವೆ. ಮನುಷ್ಯನಿಗೆ ರೋಗ ತರುವಂಥವು ಕೆಲವು ನೂರು ಮಾತ್ರ. ಆದರೆ ಆ ಕೆಲವೇ ಜಾತಿಗಳು ಪ್ರತಿ ವರ್ಷ ಲಕ್ಷಾಂತರ ಜನರ ಪ್ರಾಣ ತೆಗೆಯುತ್ತವೆ, ಇನ್ನೂ ಎಷ್ಟೋ ಜನರ ಕಣ್ಣು ತೆಗೆಯುತ್ತವೆ. ಸಿಡುಬು, ಪೋಲಿಯೊ, ಧನುರ್ವಾಯು, ದಡಾರ ಇವೆಲ್ಲಕ್ಕೂ ಲಸಿಕೆ ಬಂದಿತು. ಮನುಷ್ಯನ ಶಿಲೀಂಧ್ರ ರೋಗಗಳಲ್ಲಿ ಒಂದಕ್ಕಾದರೂ ಎಲ್ಲ ಪರೀಕ್ಷೆಗಳನ್ನು ದಾಟಿ ಆಸ್ಪತ್ರೆಯ ಬಳಕೆಗೆ ಒಪ್ಪಿಗೆ ಪಡೆದ ಲಸಿಕೆ ಇಂದಿಗೂ ಇಲ್ಲ. ಇದಕ್ಕೆ ಕಾರಣವೇನು? ಉತ್ತರವನ್ನು ಹುಡುಕುತ್ತ ಹೋದರೆ ಇನ್ನೂರು ವರ್ಷಗಳ ಇತಿಹಾಸ ಬಿಚ್ಚಿಕೊಳ್ಳುತ್ತದೆ. ಅದರ ಮೊದಲ ಪುಟ ರೇಷ್ಮೆಯ ಹುಳುಮನೆಯಲ್ಲಿದೆ.

ಸುಣ್ಣಕಟ್ಟಿದ ಹುಳು

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಕಾಲಕ್ಕೆ ಮೈಸೂರು ಸೀಮೆಯಲ್ಲಿ ರೇಷ್ಮೆ ಸಾಕಣೆ ಬೇರೂರಿತು. ಇಂದಿಗೂ ನಮ್ಮ ತಾಲ್ಲೂಕುಗಳಲ್ಲಿ ಅಲ್ಲಲ್ಲಿ ಹಿಪ್ಪುನೇರಳೆಯ ತೋಟಗಳಿವೆ. ಹುಳು ಸಾಕಿದವರ ಮನೆಯ ಮಕ್ಕಳಿಗೆ ಗೊತ್ತು: ನಾಲ್ಕು ಜ್ವರ ಕಳೆದು, ಇನ್ನೇನು ಹಣ್ಣಾಗಿ ಚಂದ್ರಿಕೆಗೆ ಏರಬೇಕು ಎನ್ನುವ ಹೊತ್ತಿಗೆ ಕೆಲವೊಮ್ಮೆ ಹುಳು ಸೊಪ್ಪು ತಿನ್ನುವುದನ್ನು ಬಿಡುತ್ತದೆ. ಮಂಕಾಗಿ ಸಾಯುತ್ತದೆ. ಸತ್ತ ಹುಳು ಕೊಳೆಯುವುದಿಲ್ಲ. ಗಟ್ಟಿಯಾಗಿ, ಒಂದೆರಡು ದಿನಗಳಲ್ಲಿ ಸುಣ್ಣದ ಕಡ್ಡಿಯಂತೆ ಬೆಳ್ಳಗಾಗುತ್ತದೆ. ನಮ್ಮ ರೈತರು ಇದನ್ನು ಸುಣ್ಣಕಟ್ಟು ರೋಗ ಎನ್ನುತ್ತಾರೆ. ಮಳೆಗಾಲ ಮತ್ತು ಚಳಿಗಾಲದಲ್ಲಿ, ಹುಳುಮನೆಯಲ್ಲಿ ತಂಪು, ತೇವ ಎರಡೂ ಸೇರಿದಾಗ ಇದರ ಹಾವಳಿ ಹೆಚ್ಚು.

ಉತ್ತರ ಇಟಲಿಯ ರೈತರೂ ಇದೇ ರೋಗವನ್ನು ಕಂಡಿದ್ದರು. ಅವರೂ ಅದಕ್ಕೆ ಸುಣ್ಣದ ಹೆಸರನ್ನೇ ಇಟ್ಟಿದ್ದರು. ಅವರ ಭಾಷೆಯಲ್ಲಿ ಅದು ‘ಕಾಲ್ಚಿನಾಚ್ಯೊ’. ಸಾವಿರಾರು ಮೈಲಿ ದೂರದಲ್ಲಿದ್ದ, ಒಬ್ಬರನ್ನೊಬ್ಬರು ನೋಡದ ಎರಡು ನಾಡಿನ ರೈತರು ಒಂದೇ ಹೋಲಿಕೆಯನ್ನು ಕಂಡುಕೊಂಡರು.

ಅಲ್ಲಿನ ಲೋದಿ ಎಂಬ ಊರಿನ ಬಳಿ ಅಗೊಸ್ತಿನೊ ಬಾಸ್ಸಿ ಎಂಬಾತನಿದ್ದ. ಕಾನೂನು ಓದಿದವನು, ಕಣ್ಣು ಮಂದವಾಗಿ ಜಮೀನಿಗೆ ಮರಳಿದವನು. 1807ರ ಸುಮಾರಿಗೆ ಅವನು ಈ ರೋಗದ ಬೆನ್ನು ಹತ್ತಿದ. ಹವೆ ಕೆಟ್ಟು ರೋಗ ಬರುತ್ತದೆ, ಸೊಪ್ಪು ಕೆಟ್ಟು ಬರುತ್ತದೆ, ತಾನಾಗಿಯೇ ಹುಟ್ಟುತ್ತದೆ ಎಂದೆಲ್ಲ ಆಗ ಜನ ನಂಬಿದ್ದರು. ಬಾಸ್ಸಿ ವರ್ಷಗಟ್ಟಲೆ ಸೋತ. ಕೊನೆಗೆ ಸತ್ತ ಹುಳುವಿನ ಮೈಮೇಲಿನ ಬಿಳಿ ಪುಡಿಯನ್ನು ಆರೋಗ್ಯವಾಗಿದ್ದ ಹುಳುವಿಗೆ ತಾಗಿಸಿದಾಗ ಮಾತ್ರ ರೋಗ ಬರುತ್ತದೆಂದು ತೋರಿಸಿದ. ಆ ಪುಡಿ ಜೀವಂತ ಶಿಲೀಂಧ್ರದ ಬೀಜಕಣ ಎಂದು 1835ರಲ್ಲಿ ಪುಸ್ತಕ ಬರೆದು ಸಾರಿದ. ಹುಳು ಸಾಕುವ ಸಾಮಾನನ್ನು ಕುದಿಸಿ ತೊಳೆಯಿರಿ, ರೋಗದ ಹುಳುವನ್ನು ಬೇರೆ ಮಾಡಿ ಸುಡಿ ಎಂದ. ಆ ಶಿಲೀಂಧ್ರಕ್ಕೆ ಇಂದು ಅವನ ಹೆಸರೇ ಇದೆ: ಬ್ಯುವೇರಿಯಾ ಬಾಸ್ಸಿಯಾನಾ.

ರೋಗಾಣುವಿನಿಂದ ರೋಗ ಬರುತ್ತದೆಂಬ ಮಾತಿಗೆ ಕಾಖ್ ಮತ್ತು ಪಾಶ್ಚರ್ ಇವರ ಹೆಸರನ್ನು ನೀವು ಕೇಳಿದ್ದೀರಿ. ಕಾಖ್ ನೆರಡಿ ರೋಗದ ಬ್ಯಾಕ್ಟೀರಿಯವನ್ನು ಕುರಿತು ಬರೆದದ್ದು 1876ರಲ್ಲಿ. ಬಾಸ್ಸಿ ಅವನಿಗಿಂತ 41 ವರ್ಷ ಮುಂದಿದ್ದ. ಅಷ್ಟೇ ಅಲ್ಲ, 1839ರಲ್ಲಿ ಜರ್ಮನಿಯ ವೈದ್ಯ ಷೋನ್‌ಲೈನ್ ಮನುಷ್ಯರ ತಲೆಯ ಚರ್ಮದ ಒಂದು ಹುಣ್ಣಿನಲ್ಲಿಯೂ ಶಿಲೀಂಧ್ರವನ್ನು ಕಂಡ. ಹಾಗಾದರೆ ಪ್ರಾಣಿಗಳಲ್ಲಿಯಾಗಲಿ ಮನುಷ್ಯರಲ್ಲಿಯಾಗಲಿ, ವಿಜ್ಞಾನ ಮೊದಲು ಗುರುತು ಹಿಡಿದ ರೋಗಾಣುಗಳ ಸಾಲಿನಲ್ಲಿ ಶಿಲೀಂಧ್ರವೇ ಮುಂದೆ ನಿಲ್ಲುತ್ತದೆ. ಮೊದಲು ಸಿಕ್ಕಿಬಿದ್ದ ಶತ್ರುವಿಗೆ ಲಸಿಕೆ ಮಾತ್ರ ಬರಲಿಲ್ಲ.

ರಾಣಿಯ ತೋಳು

ಲಸಿಕೆಯ ಕಥೆ ಬೇರೆ ದಾರಿಯಲ್ಲಿ ನಡೆಯಿತು. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ಕೀವನ್ನು ಒಬ್ಬ ಹುಡುಗನ ತೋಳಿಗೆ ತಾಗಿಸಿ, ಅವನಿಗೆ ಮುಂದೆ ಸಿಡುಬು ಬರದಂತೆ ಮಾಡಿದ. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಅನ್ನಾ ಡಸ್ಟ್‌ಹಾಲ್ ಎಂಬ ಮಗುವಿಗೆ ದಾಕು ಹಾಕಿದರು. ಭಾರತದಲ್ಲಿ ಅದು ಮೊದಲನೆಯದು. ಆಗ ಲಸಿಕೆಯನ್ನು ಸೀಸೆಯಲ್ಲಿ ಇಡುವ ಅನುಕೂಲವಿರಲಿಲ್ಲ. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತ ದೇಶದ ಉದ್ದಗಲಕ್ಕೂ ಒಯ್ಯುತ್ತಿದ್ದರು.

ಹೀಗೆ ಅದು ಮೈಸೂರಿಗೂ ಬಂದಿತು. ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ 1805ರ ಸುಮಾರಿಗೆ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರ ಬರೆದ. ಅದರಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ತುಸು ಸರಿಸಿ ತೋಳನ್ನು ತೋರಿಸುತ್ತಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಅರಮನೆಯವರೇ ಹಾಕಿಸಿಕೊಂಡರೆಂದರೆ ಪ್ರಜೆಗಳ ಅಂಜಿಕೆ ಕಡಿಮೆಯಾಗುತ್ತದೆ. ಆ ಕಾಲಕ್ಕೆ ಅದೇ ಪ್ರಚಾರ.

ಜೆನ್ನರನ ಲಸಿಕೆ ಗೆದ್ದುದೇಕೆ? ಸಿಡುಬು ಒಮ್ಮೆ ಬಂದು ಬದುಕಿದವರಿಗೆ ಮತ್ತೆ ಬರುವುದಿಲ್ಲ. ಅಂದರೆ ದೇಹ ಆ ಶತ್ರುವಿನ ಗುರುತನ್ನು ಜನ್ಮವಿಡೀ ನೆನಪಿಡುತ್ತದೆ. ಲಸಿಕೆ ಈ ನೆನಪನ್ನು ರೋಗವಿಲ್ಲದೆ ಮೂಡಿಸಿತು, ಅಷ್ಟೆ. ಲಸಿಕೆ ಪಡೆಯುತ್ತಿದ್ದವರೂ ಬಹುಮಟ್ಟಿಗೆ ಗಟ್ಟಿಮುಟ್ಟಾದ ಮಕ್ಕಳು. ಕಲಿಯಬಲ್ಲ ದೇಹಕ್ಕೆ ಪಾಠ ಹೇಳಿದಂತಾಯಿತು. 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಶಿಲೀಂಧ್ರದ ವಿಷಯದಲ್ಲಿ ಈ ಎರಡು ಅನುಕೂಲಗಳೂ ಕೈಕೊಟ್ಟವು.

ದೂರದ ನೆಂಟ

ಮೊದಲ ತೊಡಕು ಶಿಲೀಂಧ್ರದ ಮೈಕಟ್ಟಿನಲ್ಲಿದೆ. ಬ್ಯಾಕ್ಟೀರಿಯ ನಮಗೆ ತೀರ ಪರಕೀಯ. ಅದಕ್ಕೆ ಮಾತ್ರ ತಾಗುವ, ನಮಗೆ ತಾಗದ ಔಷಧಿಯನ್ನು ಹುಡುಕುವುದು ಸುಲಭ. ಶಿಲೀಂಧ್ರದ ಕೋಶದಲ್ಲಿಯಾದರೋ ನಮ್ಮ ಕೋಶದಲ್ಲಿರುವಂತೆಯೇ ಪೊರೆಯೊಳಗೆ ಕುಳಿತ ಕೋಶಕೇಂದ್ರವಿದೆ. ಜೀವವಿಕಾಸದ ಲೆಕ್ಕದಲ್ಲಿ ಅದು ಗಿಡಮರಗಳಿಗಿಂತ ನಮಗೆ ಹತ್ತಿರದ ನೆಂಟ. ಅದಕ್ಕೆ ಹಾಕಿದ ಪೆಟ್ಟು ನಮಗೂ ತಾಗುತ್ತದೆ.

ಆದ್ದರಿಂದಲೇ ಶಿಲೀಂಧ್ರದ ಔಷಧಿಗಳು ತಡವಾಗಿ ಬಂದವು. 1950ರಲ್ಲಿ ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ಮಣ್ಣಿನ ಸೂಕ್ಷ್ಮಜೀವಿಯಿಂದ ನಿಸ್ಟಾಟಿನ್ ತೆಗೆದರು. ಅದೇ ದಶಕದಲ್ಲಿ ವೆನಿಜುವೆಲಾದ ಒರಿನೊಕೊ ನದಿ ಸೀಮೆಯ ಮಣ್ಣಿನಿಂದ ಆಂಫೊಟೆರಿಸಿನ್-ಬಿ ಬಂದಿತು. ಪ್ರಾಣ ಉಳಿಸುವ ಔಷಧಿ ಹೌದು, ಆದರೆ ಮೂತ್ರಪಿಂಡಕ್ಕೆ ಕಷ್ಟ. ಕನ್ನಡ ನಾಡಿನ ಮಗ ಎಂ. ಜೆ. ತಿರುಮಲಾಚಾರ್ ಅವರನ್ನೂ ಇಲ್ಲಿ ನೆನೆಯಬೇಕು. ಪುಣೆಯ ಬಳಿಯ ಪಿಂಪ್ರಿಯಲ್ಲಿರುವ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಅವರು 1960ರ ದಶಕದ ಆರಂಭದಲ್ಲಿ, ಅಲ್ಲಿಯ ಮಣ್ಣಿನ ಸೂಕ್ಷ್ಮಜೀವಿಯಿಂದಲೇ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಹೊರತೆಗೆದರು. ಇಷ್ಟಾದರೂ ದೇಹದ ಒಳಹೊಕ್ಕ ಶಿಲೀಂಧ್ರಕ್ಕೆ ಇಂದು ವೈದ್ಯರ ಕೈಯಲ್ಲಿರುವ ಮುಖ್ಯ ಔಷಧಿಗಳು ಮೂರು ನಾಲ್ಕು ಬಗೆಯವು ಮಾತ್ರ. ಅವಕ್ಕೂ ಬಗ್ಗದ ಶಿಲೀಂಧ್ರಗಳು ಈಗ ಕಾಣಿಸಿಕೊಳ್ಳುತ್ತಿವೆ.

ಎರಡನೆಯ ತೊಡಕು ನಮ್ಮ ದೇಹದ ಕಾವಲಿನದು. 1882ರಲ್ಲಿ ರಷ್ಯಾದ ಇಲ್ಯಾ ಮೆಚ್ನಿಕಾಫ್ ಸಮುದ್ರದ ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿ, ಅದರ ಸುತ್ತ ಕೋಶಗಳು ಓಡಿಬಂದು ಮುತ್ತುವುದನ್ನು ಕಂಡ. ನಿಜವಾದ ರೋಗದಲ್ಲಿ ಹೀಗಾಗುತ್ತದೆಯೇ ಎಂದು ನೋಡಲು ಅವನು ಆರಿಸಿಕೊಂಡದ್ದು ನೀರುಚಿಗಟಕ್ಕೆ ಬರುವ ಒಂದು ಶಿಲೀಂಧ್ರ ರೋಗವನ್ನು. ಆ ಪುಟ್ಟ ಜೀವಿಯ ಮೈ ಗಾಜಿನಂತೆ ಪಾರದರ್ಶಕ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ರಕ್ತದ ಕೋಶಗಳು ಸೂಜಿಯಂಥ ಬೀಜಕಣಗಳನ್ನು ಸುತ್ತುವರಿದು ನುಂಗುತ್ತಿದ್ದವು. ನುಂಗುವುದರಲ್ಲಿ ಕೋಶ ಗೆದ್ದರೆ ನೀರುಚಿಗಟ ಬದುಕಿತು, ಸೋತರೆ ಸತ್ತಿತು. ಇದನ್ನು ಅವನು 1884ರಲ್ಲಿ ಪ್ರಕಟಿಸಿದ. ರಕ್ಷಣಾ ಕೋಶಗಳ ವಿಜ್ಞಾನ ಆರಂಭವಾದದ್ದೇ ಶಿಲೀಂಧ್ರದೊಡನೆ ನಡೆದ ಈ ಕಾಳಗದಿಂದ. 1908ರಲ್ಲಿ ಅವನಿಗೆ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ಇದರಿಂದ ಹೊರಟ ಅರ್ಥವನ್ನು ಗಮನಿಸಿ. ಅನೇಕ ಲಸಿಕೆಗಳು ರಕ್ತದಲ್ಲಿ ಪ್ರತಿಕಾಯಗಳೆಂಬ ವಸ್ತುಗಳನ್ನು ಹುಟ್ಟಿಸಿ ಕೆಲಸ ಮಾಡುತ್ತವೆ. ಶಿಲೀಂಧ್ರದ ಎದುರು ಬರೀ ಪ್ರತಿಕಾಯ ಸಾಲದು. ಅಲ್ಲಿ ಕೋಶಗಳೇ ಕೈಯಾರೆ ಹೋರಾಡಬೇಕು.

1981ರ ಐದು ಮಂದಿ

ಯಾವ ಕೋಶಗಳು? ಈ ಪ್ರಶ್ನೆಗೆ ಉತ್ತರ ಒಂದು ದುರಂತದಿಂದ ಬಂದಿತು. 1981ರ ಜೂನ್ 5ರಂದು ಅಮೆರಿಕದ ಆರೋಗ್ಯ ಇಲಾಖೆಯ ವಾರಪತ್ರಿಕೆಯಲ್ಲಿ ಒಂದು ಚಿಕ್ಕ ವರದಿ ಬಂದಿತು. ಲಾಸ್ ಏಂಜಲೀಸ್‌ನಲ್ಲಿ ಐದು ಮಂದಿ ಯುವಕರಿಗೆ ಅಪರೂಪದ ನ್ಯುಮೋನಿಯಾ ಬಂದಿತ್ತು. ಅದನ್ನು ತಂದ ನ್ಯುಮೊಸಿಸ್ಟಿಸ್ ಎಂಬ ಜೀವಿಯನ್ನು ಆಗ ಬೇರೆ ಗುಂಪಿಗೆ ಸೇರಿಸಿದ್ದರು. ಅದು ಶಿಲೀಂಧ್ರವೆಂದು 1988ರಲ್ಲಿ ಖಚಿತವಾಯಿತು. ಏಡ್ಸ್ ರೋಗ ಲೋಕಕ್ಕೆ ತಿಳಿದುಬಂದದ್ದು ಹೀಗೆ, ಒಂದು ಶಿಲೀಂಧ್ರದ ಮೂಲಕ.

ಏಡ್ಸ್ ವೈರಸ್ ನಮ್ಮ ರಕ್ತದ ಟಿ ಕೋಶಗಳಲ್ಲಿ ಒಂದು ಬಗೆಯನ್ನು ನಾಶ ಮಾಡುತ್ತದೆ. ಅವು ರಕ್ಷಣಾ ಪಡೆಯ ದಳಪತಿಗಳು. ದಳಪತಿಗಳು ಸಾಯುತ್ತ ಬಂದಂತೆ ಬಾಯಲ್ಲಿ ಬಿಳಿಯ ಅಗ್ರ, ಅನ್ನನಾಳದಲ್ಲಿ ಕ್ಯಾಂಡಿಡಾ, ಮಿದುಳಿನ ಪೊರೆಯಲ್ಲಿ ಕ್ರಿಪ್ಟೊಕಾಕಸ್ ಹೀಗೆ ಒಂದರ ಹಿಂದೆ ಒಂದು ಶಿಲೀಂಧ್ರ ನುಗ್ಗುತ್ತದೆ. ಹಾಗಾದರೆ ಆರೋಗ್ಯವಂತರಲ್ಲಿ ಇವನ್ನು ತಡೆದು ನಿಲ್ಲಿಸುತ್ತಿದ್ದುದು ಆ ಟಿ ಕೋಶಗಳೇ ಎಂದಾಯಿತು. ನಾವು ಪ್ರತಿ ಉಸಿರಿನಲ್ಲಿಯೂ ಶಿಲೀಂಧ್ರದ ಬೀಜಕಣಗಳನ್ನು ಒಳಗೆಳೆದುಕೊಳ್ಳುತ್ತೇವೆ. ಹುಲ್ಲಿನ ಮೆದೆ ಕೀಳುವಾಗ, ತಿಪ್ಪೆ ತೆಗೆಯುವಾಗ ಇನ್ನೂ ಹೆಚ್ಚು. ಆದರೂ ಕಾಯಿಲೆ ಬೀಳದಿರುವುದು ಈ ಕಾವಲಿನಿಂದ.

ಇಲ್ಲಿಯೇ ಲಸಿಕೆಯ ಗಂಟು ಬಿಗಿಯಾಗುತ್ತದೆ. ಶಿಲೀಂಧ್ರ ಪ್ರಾಣಕ್ಕೆ ಎರವಾಗುವುದು ಬಹುತೇಕ ಕಾವಲು ಕುಸಿದವರಿಗೆ: ಏಡ್ಸ್ ರೋಗಿಗೆ, ಕ್ಯಾನ್ಸರಿನ ಔಷಧಿ ಪಡೆಯುವವರಿಗೆ, ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರಿಗೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರಿಗೆ. ಲಸಿಕೆ ಬೇಕಾದದ್ದು ಇವರಿಗೆ. ಲಸಿಕೆ ಹೇಳುವ ಪಾಠವನ್ನು ಕಲಿಯುವ ಶಕ್ತಿ ಉಡುಗಿರುವುದೂ ಇವರಿಗೇ.

ದೇಹ ಗಟ್ಟಿಯಾಗಿದ್ದರೆ ಶಿಲೀಂಧ್ರಕ್ಕೂ ಲಸಿಕೆ ನಾಟುತ್ತದೆ ಎನ್ನುವುದಕ್ಕೆ ದನಗಳೇ ಸಾಕ್ಷಿ. ಕರುಗಳ ಮುಖದ ಮೇಲೆ ಬೂದು ಬಣ್ಣದ ದುಂಡನೆಯ ಹುಳುಕಡ್ಡಿಯನ್ನು ನೀವು ನೋಡಿರಬಹುದು. ಅದಕ್ಕೆ ಸೋವಿಯತ್ ಒಕ್ಕೂಟದಲ್ಲಿ ಸರ್ಕಿಸೊವ್ ಮತ್ತು ಅವರ ಸಂಗಡಿಗರು ಜೀವಂತ ಲಸಿಕೆ ತಯಾರಿಸಿದರು. ನಾರ್ವೆಯಂಥ ದೇಶಗಳಲ್ಲಿ ಆ ರೋಗ ಬಹಳ ಮಟ್ಟಿಗೆ ಹತೋಟಿಗೆ ಬಂದಿತು. ಕರುವಿಗೆ ಆದದ್ದು ಕಾಯಿಲೆಯ ಮನುಷ್ಯನಿಗೆ ಆಗಬೇಕಾದರೆ ಬೇರೆ ಉಪಾಯ ಬೇಕಿತ್ತು.

ಮರದಂಥ ಕೋಶ

ಆ ಉಪಾಯದ ಬೀಜ 1868ರಲ್ಲಿಯೇ ಬಿದ್ದಿತ್ತು. ಬರ್ಲಿನ್ನಿನಲ್ಲಿ ಪೌಲ್ ಲಾಂಗರ್‌ಹಾನ್ಸ್ ಎಂಬ 21 ವರ್ಷದ ವೈದ್ಯ ವಿದ್ಯಾರ್ಥಿ, ನಿಮಗಿಂತ ಅಷ್ಟೇನೂ ದೊಡ್ಡವನಲ್ಲ, ಮನುಷ್ಯನ ಚರ್ಮಕ್ಕೆ ಚಿನ್ನದ ಲವಣದ ಬಣ್ಣ ಕೊಟ್ಟು ನೋಡಿದ. ಕೊಂಬೆ ಚಾಚಿದ ಕೋಶಗಳು ಕಂಡವು. ನರದ ಕೋಶಗಳಿರಬೇಕೆಂದು ಬರೆದಿಟ್ಟ. ನೂರು ವರ್ಷ ಅವುಗಳ ಕೆಲಸವೇನೆಂದು ಯಾರಿಗೂ ತಿಳಿಯಲಿಲ್ಲ.

1973ರಲ್ಲಿ ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾನಿಲಯದ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್ವಿಲ್ ಕೋನ್ ಇಲಿಯ ಗುಲ್ಮದಲ್ಲಿ ಇಂಥದೇ ಕೊಂಬೆಗಳ ಕೋಶವನ್ನು ಕಂಡರು. ಗ್ರೀಕ್ ಭಾಷೆಯಲ್ಲಿ ‘ಡೆಂಡ್ರಾನ್’ ಎಂದರೆ ಮರ. ಆದ್ದರಿಂದ ಡೆಂಡ್ರೈಟಿಕ್ ಕೋಶ ಎಂದು ಹೆಸರಿಟ್ಟರು. ಬಹಳ ಮಂದಿ ವಿಜ್ಞಾನಿಗಳು ಮೊದಮೊದಲು ನಂಬಲಿಲ್ಲ. ಸ್ಟೈನ್‌ಮನ್ ಬಿಡಲಿಲ್ಲ. ಈ ಕೋಶ ಶತ್ರುವನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಶತ್ರುವಿನ ಗುರುತನ್ನು ಕಲಿಸುತ್ತದೆ ಎಂದು ವರ್ಷಗಳ ದುಡಿಮೆಯಿಂದ ತೋರಿಸಿಕೊಟ್ಟ.

ಅದು ಹೇಗೆ? ಚರ್ಮದಲ್ಲಿ, ಶ್ವಾಸಕೋಶದಲ್ಲಿ, ಕರುಳಿನ ಗೋಡೆಯಲ್ಲಿ ಈ ಕೋಶಗಳು ಕೊಂಬೆ ಚಾಚಿ ಕುಳಿತಿರುತ್ತವೆ. ಶಿಲೀಂಧ್ರ ಒಳಬಂದರೆ ಹಿಡಿದು ನುಂಗಿ, ತುಂಡು ಮಾಡಿ, ಆ ತುಂಡುಗಳನ್ನು ತಮ್ಮ ಮೈಮೇಲೆ ತೋರಣದಂತೆ ತೂಗಿಹಾಕಿಕೊಂಡು ಹತ್ತಿರದ ದುಗ್ಧರಸ ಗ್ರಂಥಿಗೆ ಹೊರಡುತ್ತವೆ. ಕಾಲಿನಲ್ಲಿ ಹುಣ್ಣಾದಾಗ ತೊಡೆಸಂದಿಯಲ್ಲಿ ನೋವಿನ ಗಂಟು ಏಳುವುದನ್ನು ನೀವು ಬಲ್ಲಿರಿ. ಅದೇ ಆ ಗ್ರಂಥಿ. ಅಲ್ಲಿ ಪಾಠ ಕಲಿಯದ ಟಿ ಕೋಶಗಳು ಕಾದಿರುತ್ತವೆ. ಡೆಂಡ್ರೈಟಿಕ್ ಕೋಶ ಅವಕ್ಕೆ ತುಂಡುಗಳನ್ನು ತೋರಿಸಿ, ‘ಇಂಥವನು ಬಂದಿದ್ದಾನೆ, ಹೀಗೆ ಎದುರಿಸಿ’ ಎಂದು ಕಲಿಸಿ ಕಳುಹಿಸುತ್ತದೆ. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಗ್ಲೂಕಾನ್ ಎಂಬ ಸಕ್ಕರೆಯ ಸರಪಳಿ ಇರುತ್ತದೆ. ನಮ್ಮ ಕೋಶಗಳಲ್ಲಿ ಅದಿಲ್ಲ. ಅದನ್ನು ಗುರುತು ಹಿಡಿಯಲು ಡೆಂಡ್ರೈಟಿಕ್ ಕೋಶದ ಮೇಲೆ ಡೆಕ್ಟಿನ್-1 ಎಂಬ ಕೊಂಡಿ ಇದೆ. ಈ ಕೊಂಡಿ ಹಿಡಿಯುವುದು ಗ್ಲೂಕಾನನ್ನೇ ಎಂದು 2001ರಲ್ಲಿ ತಿಳಿಯಿತು.

2011ರ ಅಕ್ಟೋಬರ್ 3ರಂದು ಸ್ಟೈನ್‌ಮನ್‌ಗೆ ನೊಬೆಲ್ ಬಹುಮಾನ ಸಾರಿದರು. ಆತ ಮೂರು ದಿನ ಮುಂಚೆ, ಸೆಪ್ಟೆಂಬರ್ 30ರಂದೇ ತೀರಿಕೊಂಡಿದ್ದ. ನಾಲ್ಕು ವರ್ಷಗಳಿಂದ ಅವನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇತ್ತು. ತಾನು ಕಂಡುಹಿಡಿದ ಕೋಶದಿಂದಲೇ ತಯಾರಿಸಿದ ಚಿಕಿತ್ಸೆಯನ್ನು ಅವನು ತನ್ನ ಮೇಲೆ ಮಾಡಿಸಿಕೊಂಡಿದ್ದ.

ಗುರುವನ್ನೇ ಕಳುಹಿಸುವ ಲಸಿಕೆ

ಈಗ ಉಪಾಯ ನಿಮಗೆ ಹೊಳೆದಿರಬೇಕು. ದೇಹ ಸೋತು ತಾನಾಗಿ ಕಲಿಯಲಾರದೆ ಹೋದರೆ, ಪಾಠವನ್ನು ಹೊರಗೆ ಸಿದ್ಧಮಾಡಿ ಗುರುವಿನ ಕೈಯಲ್ಲಿಯೇ ಕೊಟ್ಟು ಕಳುಹಿಸಬಹುದಲ್ಲವೇ? ಇದೇ ಡೆಂಡ್ರೈಟಿಕ್ ಕೋಶದ ಲಸಿಕೆ.

ಇದಕ್ಕೆ ದಾರಿಯಾದದ್ದು 1994ರಲ್ಲಿ. ಸಲ್ಲುಸ್ತೊ ಮತ್ತು ಲಾಂಜವೆಕ್ಕಿಯಾ ಎಂಬ ಇಟಲಿಯ ವಿಜ್ಞಾನಿಗಳು ಮನುಷ್ಯನ ರಕ್ತದ ಮಾನೋಸೈಟ್ ಎಂಬ ಬಿಳಿಯ ಕೋಶಗಳಿಗೆ ಎರಡು ಪ್ರಚೋದಕಗಳನ್ನು ಬೆರೆಸಿ, ಸುಮಾರು ಒಂದು ವಾರ ಬೆಳೆಸಿ, ಡೆಂಡ್ರೈಟಿಕ್ ಕೋಶಗಳನ್ನಾಗಿ ಮಾಡುವ ವಿಧಾನ ಹೇಳಿಕೊಟ್ಟರು. ರೋಗಿಯ ರಕ್ತ ತೆಗೆಯುವುದು, ಕೋಶ ಬೆಳೆಸುವುದು, ಶತ್ರುವಿನ ತುಂಡನ್ನು ಅವಕ್ಕೆ ಉಣಿಸುವುದು, ಮತ್ತೆ ಅದೇ ರೋಗಿಗೆ ಚುಚ್ಚುವುದು. ಕ್ರಮ ಇಷ್ಟೆ.

ಶಿಲೀಂಧ್ರಕ್ಕೆ ಇದನ್ನು ಹೂಡಿದವರಲ್ಲಿ ಇಟಲಿಯ ಪೆರೂಜಾ ನಗರದ ಲುಯಿಜಿನಾ ರೊಮಾನಿ ಮತ್ತು ಸಂಗಡಿಗರು ಮುಖ್ಯರು. ಬಾಸ್ಸಿಯ ದೇಶದವರೇ. ಕ್ಯಾಂಡಿಡಾ ಶಿಲೀಂಧ್ರಕ್ಕೆ ಎರಡು ವೇಷ: ದುಂಡನೆಯ ಯೀಸ್ಟು, ಎಳೆಯೆಳೆಯಾದ ತಂತು. ಡೆಂಡ್ರೈಟಿಕ್ ಕೋಶ ಈ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುತ್ತದೆ, ಯೀಸ್ಟನ್ನು ನುಂಗಿದಾಗ ಕಾಪಾಡುವ ಪಾಠವನ್ನೂ ತಂತುವನ್ನು ನುಂಗಿದಾಗ ಉಪಯೋಗಕ್ಕೆ ಬಾರದ ಪಾಠವನ್ನೂ ಹೇಳುತ್ತದೆ ಎಂದು ಅವರು 2000ದಲ್ಲಿ ತೋರಿಸಿದರು. 2003ರಲ್ಲಿ ಅಸ್ಥಿಮಜ್ಜೆ ಕಸಿ ಮಾಡಿದ ಇಲಿಗಳಿಗೆ, ಆಸ್ಪರ್ಜಿಲಸ್ ಶಿಲೀಂಧ್ರದ ಬೀಜಕಣವನ್ನೋ ಅದರ ಆರ್‌ಎನ್‌ಎಯನ್ನೋ ಉಣಿಸಿದ ಡೆಂಡ್ರೈಟಿಕ್ ಕೋಶಗಳನ್ನು ಕೊಟ್ಟರು. ಆ ಇಲಿಗಳು ಶ್ವಾಸಕೋಶದ ಸೋಂಕನ್ನು ಎದುರಿಸಿ ನಿಂತವು. 2015ರಲ್ಲಿ ಜಪಾನಿನ ಸಂಶೋಧಕರು ಕ್ರಿಪ್ಟೊಕಾಕಸ್ ಜಾತಿಯ ಒಂದು ಉಗ್ರ ಶಿಲೀಂಧ್ರಕ್ಕೆ ಇದೇ ಬಗೆಯಲ್ಲಿ ಇಲಿಗಳಲ್ಲಿ ರಕ್ಷಣೆ ಮೂಡಿಸಿದರು.

‘ಇಲಿಗಳಲ್ಲಿ’ ಎಂಬ ಮಾತಿನ ಕೆಳಗೆ ಗೆರೆ ಎಳೆದುಕೊಳ್ಳಿ. ಡೆಂಡ್ರೈಟಿಕ್ ಕೋಶದ ಲಸಿಕೆ ಮನುಷ್ಯರ ಬಳಕೆಗೆ ಬಂದದ್ದು ಕ್ಯಾನ್ಸರಿಗೆ. 2010ರಲ್ಲಿ ಅಮೆರಿಕದಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಈ ಜಾತಿಯ ಮೊದಲ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಮೂರು ಕಂತಿನ ಅದರ ಬೆಲೆ ಆಗ ಸುಮಾರು 93,000 ಡಾಲರ್. 2017ರಲ್ಲಿ ಭಾರತದಲ್ಲಿಯೂ ಕೆಲವು ಕ್ಯಾನ್ಸರುಗಳಿಗೆ ಇಂಥ ಒಂದು ಚಿಕಿತ್ಸೆಗೆ ಅನುಮತಿ ದೊರೆಯಿತು. ಶಿಲೀಂಧ್ರ ರೋಗಕ್ಕೆ ಅದು ಇನ್ನೂ ಪ್ರಯೋಗಶಾಲೆಯ ಹೊಸ್ತಿಲು ದಾಟಿಲ್ಲ. ನಾಳೆ ಯಾರಾದರೂ ‘ನಮ್ಮಲ್ಲಿದೆ, ಹಣ ಕಟ್ಟಿ’ ಎಂದರೆ ನಂಬಬೇಡಿ.

2021ರ ಮೇ ತಿಂಗಳು

ಹೊಸ್ತಿಲು ದಾಟುವುದು ಏಕೆ ಕಷ್ಟ ಎಂಬುದನ್ನು ನಮ್ಮ ನಾಡಿನ ಅನುಭವದಿಂದಲೇ ತಿಳಿಯೋಣ. 2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೆಯ ಅಲೆ ಇಳಿಯುವ ಮೊದಲೇ, ಕರ್ನಾಟಕದಲ್ಲಿ ‘ಕಪ್ಪು ಶಿಲೀಂಧ್ರ’ ಎಂಬ ಹೆಸರು ಮನೆಮಾತಾಯಿತು. ಮ್ಯೂಕರ್ ಎಂಬ ಬೂಷ್ಟಿನ ಗುಂಪು ತರುವ ರೋಗ ಅದು. ಮಣ್ಣಿನಲ್ಲಿ, ಕೊಳೆತ ಸೊಪ್ಪುಸದೆಯಲ್ಲಿ ಸದಾ ಇರುವ ಬೂಷ್ಟು. ಕೊರೋನಾ ಬಂದವರಿಗೆ ಕೊಟ್ಟ ಸ್ಟೀರಾಯ್ಡ್ ಒಂದು ಕಡೆ ದೇಹದ ಕಾವಲನ್ನು ಕುಗ್ಗಿಸಿತು, ಇನ್ನೊಂದು ಕಡೆ ರಕ್ತದ ಸಕ್ಕರೆಯನ್ನು ಏರಿಸಿತು. ಮೂಗಿನಿಂದ ಹೊಕ್ಕ ಶಿಲೀಂಧ್ರ ದವಡೆಗೆ, ಕಣ್ಣಿಗೆ, ಮಿದುಳಿಗೆ ಹಬ್ಬಿತು. ಪ್ರಾಣ ಉಳಿಸಲು ಎಷ್ಟೋ ಜನರ ಕಣ್ಣನ್ನೇ ತೆಗೆಯಬೇಕಾಯಿತು. ಆಂಫೊಟೆರಿಸಿನ್‌ಗಾಗಿ ಮನೆಯವರು ಊರೂರು ಅಲೆದರು. ಮೇ 20ರಂದು ಕೇಂದ್ರ ಸರ್ಕಾರ ಈ ರೋಗವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸುವಂತೆ ರಾಜ್ಯಗಳಿಗೆ ಸೂಚಿಸಿತು. ನಮ್ಮ ನಾಲ್ಕು ತಾಲ್ಲೂಕುಗಳ ಜನಕ್ಕೆ ಇಂಥ ದೊಡ್ಡ ಕಾಯಿಲೆ ಎಂದರೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯೇ ದಿಕ್ಕು. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯಿಂದ ಅಲ್ಲಿಗೆ ಬರುವಷ್ಟರಲ್ಲಿ ರೋಗಿಗೆ ಅರ್ಧ ದಿನ ಕಳೆಯುತ್ತದೆ.

ಅಂದು ಡೆಂಡ್ರೈಟಿಕ್ ಕೋಶದ ಲಸಿಕೆ ಸಿದ್ಧವಿದ್ದರೂ ಅವರಿಗೆ ಒದಗುತ್ತಿರಲಿಲ್ಲ. ಕೋಶ ಬೆಳೆಸಲು ಒಂದು ವಾರ ಬೇಕು, ಆಮೇಲೆ ಟಿ ಕೋಶಗಳು ಕಲಿಯಲು ಇನ್ನಷ್ಟು ದಿನ ಬೇಕು. ಕಪ್ಪು ಶಿಲೀಂಧ್ರ ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತದೆ. ಒಬ್ಬರಿಗೆ ಮಾಡಿದ ಲಸಿಕೆ ಇನ್ನೊಬ್ಬರಿಗೆ ಆಗದು. ಒಂದು ಕಣ ಧೂಳೂ ಇಲ್ಲದ ಪ್ರಯೋಗಶಾಲೆ ಬೇಕು, ಅದಕ್ಕೆ ತಕ್ಕ ಹಣ ಬೇಕು. ಆದ್ದರಿಂದ ಈ ವಿಧಾನ ಮುಂದೆ ಫಲಿಸುವುದಾದರೆ, ಅಸ್ಥಿಮಜ್ಜೆ ಕಸಿಯಂಥ ಚಿಕಿತ್ಸೆಗೆ ಮೊದಲೇ ದಿನ ಗೊತ್ತುಮಾಡಿದ ರೋಗಿಗಳಿಗೆ ಫಲಿಸೀತು. ಅವರಿಗೆ ಅಪಾಯ ಯಾವಾಗ ಬರುತ್ತದೆಂದು ಮುಂಚೆಯೇ ತಿಳಿದಿರುತ್ತದೆ.

ವಿಜ್ಞಾನಿಗಳು ಇನ್ನೊಂದು ದಾರಿಯನ್ನೂ ಹಿಡಿದಿದ್ದಾರೆ. ಕೋಶವನ್ನು ಹೊರತೆಗೆದು ಕಲಿಸುವ ಬದಲು, ದೇಹದೊಳಗೆ ಕುಳಿತ ಡೆಂಡ್ರೈಟಿಕ್ ಕೋಶಕ್ಕೇ ನೇರವಾಗಿ ಪಾಠವನ್ನು ಮುಟ್ಟಿಸುವುದು. ಯೀಸ್ಟಿನ ಗ್ಲೂಕಾನ್ ಕಣದೊಳಗೆ ಶಿಲೀಂಧ್ರದ ಪ್ರೋಟೀನ್ ತುಂಬಿ ಚುಚ್ಚಿದರೆ ಡೆಕ್ಟಿನ್ ಕೊಂಡಿ ಅದನ್ನು ಹಿಡಿದುಕೊಳ್ಳುತ್ತದೆ. ಇದನ್ನು ಒಂದೇ ಕಡೆ ತಯಾರಿಸಿ ಸೀಸೆಯಲ್ಲಿಟ್ಟು ಎಲ್ಲರಿಗೂ ಕೊಡಬಹುದು. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾನಿಲಯದ ತಂಡ ಹಲವು ಶಿಲೀಂಧ್ರಗಳಿಗೆ ಒಂದೇ ಲಸಿಕೆಯನ್ನು ಇಲಿ ಮತ್ತು ಮಂಗಗಳಲ್ಲಿ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊತ್ತಮೊದಲ ಬಾರಿಗೆ 19 ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿತು. ಬಾಸ್ಸಿಯ ಪುಸ್ತಕ ಬಂದು ಅಷ್ಟರಲ್ಲಿ 187 ವರ್ಷಗಳಾಗಿದ್ದವು.

ಅಲ್ಲಿಯವರೆಗೆ

ಲಸಿಕೆ ಬರುವವರೆಗೆ ನಾವು ಕೈಕಟ್ಟಿ ಕುಳಿತಿರಬೇಕೇ? ಬೇಡ. ಬಾಸ್ಸಿಯ ಬಳಿಯೂ ಲಸಿಕೆ ಇರಲಿಲ್ಲ. ಶುಚಿ ಮತ್ತು ಎಚ್ಚರ ಇವೆರಡರಿಂದಲೇ ಅವನು ಹುಳುಮನೆಗಳನ್ನು ಉಳಿಸಿದ. 1961ರಲ್ಲಿ ಸ್ಥಾಪನೆಯಾದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ರೂಪಿಸಿದ ‘ವಿಜೇತ’ ಪುಡಿಯನ್ನು ನಮ್ಮ ರೈತರು ಹುಳುವಿನ ಮೇಲೆ ಉದುರಿಸುವುದೂ ಅದೇ ತತ್ತ್ವದ ಮೇಲೆ.

ನಿಮ್ಮ ಮನೆಯವರ ವಿಷಯದಲ್ಲಿ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡಿ. ಕೃಷ್ಣರಾಜನಗರದ ನಾಲೆ ಬಯಲಿನಲ್ಲಿ ಭತ್ತ ಬಡಿಯುವಾಗ, ಪಿರಿಯಾಪಟ್ಟಣದ ಹೊಲದಲ್ಲಿ ಜೋಳದ ಗರಿ ಮುರಿಯುವಾಗ ಸುಂಕೋ ಗರಿಯ ಅಂಚೋ ಕಣ್ಣಿಗೆ ತಾಗುವುದುಂಟು. ಆ ಚಿಕ್ಕ ಗೀರಿನಲ್ಲಿ ಶಿಲೀಂಧ್ರ ಕೂರುತ್ತದೆ. ಮಧುರೆಯಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಾಣು ಪತ್ತೆಯಾದ ಕಣ್ಣಿನ ಕಪ್ಪುಗುಡ್ಡೆಯ ಹುಣ್ಣುಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಶಿಲೀಂಧ್ರದವೆಂದು ಕಂಡುಬಂದಿತು. ಎದೆಹಾಲು, ಸೊಪ್ಪಿನ ರಸ ಬಿಟ್ಟು ನಾಲ್ಕು ದಿನ ಕಾದರೆ ಕಣ್ಣಿಗೆ ಹೂ ಬೀಳುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಶಿಲೀಂಧ್ರಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ. ಮರುದಿನವೇ ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಎರಡನೆಯದು, ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅದು ಹತೋಟಿಯಲ್ಲಿರುವಂತೆ ನೋಡಿಕೊಳ್ಳಿ. ಅಂಥವರಿಗೆ ಮುಖದ ಒಂದು ಪಕ್ಕ ಊದಿದರೆ, ಮೂಗಿನಿಂದ ಕಪ್ಪು ಸಿಂಬಳ ಬಂದರೆ, ದೃಷ್ಟಿ ಎರಡಾಗಿ ಕಂಡರೆ ನಾಳೆಗೆ ಬಿಡಬೇಡಿ.

ಇನ್ನುಳಿದದ್ದು ನಿಮ್ಮ ಓದಿಗೆ ಸೇರಿದ ಮಾತು. ಈ ಕಥೆಯಲ್ಲಿ ಬಂದವರನ್ನು ನೆನೆದುಕೊಳ್ಳಿ: ಕಣ್ಣು ಮಂದವಾಗಿದ್ದ ಒಬ್ಬ ರೈತ, 21 ವರ್ಷದ ಒಬ್ಬ ವಿದ್ಯಾರ್ಥಿ, ಮಣ್ಣು ಜರಡಿ ಹಿಡಿದ ನಮ್ಮವರೇ ಆದ ಒಬ್ಬ ಶಿಲೀಂಧ್ರ ವಿಜ್ಞಾನಿ. ಮುಂದಿನ ಬಾರಿ ಹುಳುಮನೆಯ ತಟ್ಟೆಯಲ್ಲಿ ಸುಣ್ಣದಂತಾದ ಹುಳು ಸಿಕ್ಕರೆ ಎಸೆಯುವ ಮುಂಚೆ ಒಂದು ಕ್ಷಣ ನೋಡಿ. ಕೈಯಲ್ಲಿ ಮುಟ್ಟದೆ ಕಡ್ಡಿಯಿಂದ ಎತ್ತಿ, ನೋಡಿ, ಸುಟ್ಟುಬಿಡಿ. ಆ ಬಿಳಿ ಪುಡಿಯ ಬಗ್ಗೆ ಬಾಸ್ಸಿ ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಅದರ ಕುಲದವರು ಮನುಷ್ಯನ ಮೈಯಲ್ಲಿ ನೆಲೆಸದಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಇನ್ನೂ ನಿಮಗಾಗಿ ಉಳಿದಿದೆ.